ಚಾದರದ ಕೆಳಗಿನ ಕೈ

ಬುಧವಾರ, 9 ಜುಲೈ 2025. ಮಧ್ಯಾಹ್ನ

ಚನ್ನು ಮಲಗಿದ. ಅಂಗಿ ಎತ್ತಿ ಹೊಟ್ಟೆ ನೋಡಿದೆ. ಏರುತ್ತಿದೆ, ಇಳಿಯುತ್ತಿದೆ. ಫ್ಯಾನಿನ ಗಾಳಿಗೆ ಅಂಗಿ ಅಲುಗಿ ಮೋಸ ಮಾಡುತ್ತದೆ, ಅದಕ್ಕೇ ಎತ್ತಿ ನೋಡುವುದು. ಮೂಗಿನ ಕೆಳಗೆ ಬೆರಳಿಟ್ಟೆ. ಬಿಸಿ. ಸರಿ.

ಅತ್ತೆ ದಿನಾ ಹೇಳುತ್ತಾರೆ, "ಕೂಸು ಮಲಗಿದಾಗ ನೀನೂ ಅಡ್ಡಾಗು." ಕೂಸು ಮಲಗಿದಾಗಲೇ ಅಲ್ಲವೇ ಎಚ್ಚರ ಇರಬೇಕಾದದ್ದು.

ನಿದ್ದೆ ಬಾರದ್ದಕ್ಕೆ ಬರೆಯುತ್ತಿದ್ದೇನೆ. ಬೀಜದ ಕಂಪನಿಯವರು ನಮ್ಮ ಅಂಗಡಿಗೆ ಕೊಟ್ಟ ಡೈರಿ. ಪ್ರತಿ ಪುಟದ ಕೆಳಗೂ ಅರಳಿದ ಹತ್ತಿಯ ಚಿತ್ರ.

ಇವತ್ತು ಲಿಂಗಸುಗೂರಿನಿಂದ ನಾಸೀರ್ ಬಂದಿದ್ದ. ಹಳೆ ಮನೆಗಳ ಕಂಬ, ಬಾಗಿಲು, ಗಡಿಯಾರ ಕೊಂಡು ಹೈದರಾಬಾದಿಗೆ ಮಾರುವವ. ದೇವರ ಕೋಣೆಯ ತಿಜೋರಿ ನೋಡಲು ಬಂದಿದ್ದ. ಮಾವನ ಅಜ್ಜ ನಿಜಾಮರ ಕಾಲದಲ್ಲಿ ತರಿಸಿದ್ದಂತೆ. ನನ್ನ ಎದೆಯೆತ್ತರ. ಬಾಗಿಲ ನಡುವೆ ಹಿತ್ತಾಳೆಯ ತಿರುಗುಣಿ, ಅದರ ಅಂಚಿಗೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಗೀರು. ಮೂರು ನಂಬರ್ ಹೊಂದಿಸಬೇಕು. ಕೀಲಿಕೈ ಗೂಟಕ್ಕೆ ನೇತಾಡುತ್ತಿದೆ. ನಂಬರ್ ಇಲ್ಲದೆ ಅದು ಬರೀ ಕಬ್ಬಿಣ.

ನಾಸೀರ್ ಗುದ್ದಿ ನೋಡಿದ. "ಅಬ್ಬಬ್ಬಾ ಅಣ್ಣಾ, ಇದು ತಿಜೋರಿ ಅಲ್ಲ, ಆನಿ ಮರಿ! ನಂಬರ್ ಏನೈತಿ?"

ವೀರೇಂದ್ರ ಹೇಳಿದರು, "ನಂಬರ್ ನಮ್ಮಪ್ಪನ ಜೋಡಿನ ಹೋತು."

(ಎದುರಿಗೆ ಗಂಡನನ್ನು 'ರೀ' ಎನ್ನುತ್ತೇನೆ. ಇಲ್ಲಿ ಹೆಸರು ಬರೆಯಬಹುದು. ಯಾರೂ ಓದುವುದಿಲ್ಲ.)

"ಒಳಗ ಏನೈತಿ?"

ವೀರೇಂದ್ರ ನನ್ನ ಕಡೆ ನೋಡಿದರು. ಮತ್ತೆ ತಿಜೋರಿಯ ಕಡೆ. "ಏನೂ ಇಲ್ಲ."

ಏನೂ ಇಲ್ಲವಂತೆ.

ಚನ್ನು ಹೊರಳಿದ. ನೋಡಿ ಬರುತ್ತೇನೆ.

ಗುರುವಾರ, 10 ಜುಲೈ

ದಾನೇಶ್ವರಿ. ದಾನು. ದಾನು. ದಾನು.

ಈ ಮನೆಯಲ್ಲಿ ಬಾಯಿಬಿಟ್ಟು ಹೇಳಬಾರದ ಹೆಸರು. ಬರೆದರೆ ಸದ್ದಾಗುವುದಿಲ್ಲ.

ನನ್ನ ಮೊದಲ ಮಗಳು. ಹನ್ನೊಂದು ತಿಂಗಳು ತುಂಬಿತ್ತು. ಜ್ವರ, ಎದೆಯಲ್ಲಿ ಕಫ, ಮೂರನೆಯ ದಿನ ಇಲ್ಲ. ಹುಟ್ಟಿದಾಗ ಅಯ್ಯನವರು ಕಟ್ಟಿದ ಪುಟ್ಟ ಲಿಂಗವನ್ನು ಅವಳ ಅಂಗೈಯಲ್ಲೇ ಇಟ್ಟು ಮಣ್ಣು ಮಾಡಿದರಂತೆ. ನನ್ನನ್ನು ಕರೆದೊಯ್ಯಲಿಲ್ಲ. ಎರಡೂವರೆ ವರ್ಷವಾಯಿತು.

ನಾನು ಎದ್ದು ಕೂರುವಷ್ಟರಲ್ಲಿ ತೊಟ್ಟಿಲು ಇರಲಿಲ್ಲ. ಬಟ್ಟೆ ಇರಲಿಲ್ಲ. ದಿಂಬಿನ ಕೆಳಗಿದ್ದ ನನ್ನ ಫೋನೂ ಇರಲಿಲ್ಲ. "ಹೋದ ಕೂಸಿನ ಮುಖ ನೋಡಿಕೋತ ಕುಂತ್ರ ಬರೋ ಕೂಸು ನಿಲ್ಲಂಗಿಲ್ಲ" ಅಂದರು ಅತ್ತೆ. ಎಲ್ಲರೂ ಹೌದೆಂದರು. ನನ್ನ ಫೋನಿನಲ್ಲಿದ್ದ ಅವಳ ಫೋಟೋಗಳನ್ನು ಅಳಿಸಲು ಯಾರಿಗೂ ಕೈ ಬರಲಿಲ್ಲ. ಅವಳು ತಲೆಗೆ ಹಾಕುತ್ತಿದ್ದ ಕುಲಾಯಿ, ಬೆಳ್ಳಿ ಕಡಗ, ನನ್ನ ಫೋನು, ಮೂರನ್ನೂ ಮಾವ ತಿಜೋರಿಯಲ್ಲಿಟ್ಟು ತಿರುಗುಣಿ ತಿರುವಿದರು. ವೀರೇಂದ್ರ ತಮ್ಮ ಫೋನಿನಲ್ಲಿದ್ದದ್ದನ್ನು ಅಳಿಸಿದರು. ನೆಂಟರಿಗೂ ಹೇಳಿ ಅಳಿಸಿದರು. ನನ್ನ ಫೋನಿನಲ್ಲಿ ಬ್ಯಾಕಪ್ ಇರಲಿಲ್ಲ. 'ಸ್ಟೋರೇಜ್ ಫುಲ್' ಎಂದು ತಿಂಗಳುಗಟ್ಟಲೆ ತೋರಿಸುತ್ತಿತ್ತು, ಆ ಸೂಚನೆಯನ್ನು ನಾನೇ ಒರೆಸಿ ಹಾಕುತ್ತಿದ್ದೆ. ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್, ಲಿಂಗಸುಗೂರು ಕಾಲೇಜು, ಫಸ್ಟ್ ಕ್ಲಾಸ್. ಥೂ.

ಮಸ್ಕಿಯಲ್ಲಿ ಅವ್ವನ ಹತ್ತಿರ ಒಂದು ಫೋಟೋ ಉಳಿದಿದೆ. ತೊಟ್ಟಿಲ ದಿನದ್ದು. ಅದರಲ್ಲಿ ಕಣ್ಣು ಮುಚ್ಚಿದ್ದಾಳೆ.

ಒಂದು ವಿಡಿಯೋ ಇತ್ತು. ಗಂಜ್ ಮಾರುಕಟ್ಟೆಯ ನಮ್ಮ ದಲಾಲಿ ಅಂಗಡಿಯಲ್ಲಿ ಮಾವ ಅವಳನ್ನು ಕಾಟಾದ ಮೇಲೆ ಕೂರಿಸಿ ತೂಗುತ್ತಿರುವುದು. ತಕ್ಕಡಿ ತೂಗಿದಾಗಲೆಲ್ಲ ನಗುತ್ತಾಳೆ. ಆ ನಗು ಕೇಳಿಸುತ್ತದೆ ನನಗೆ. ಮುಖ ಮಾತ್ರ… ನೆನೆದರೆ ಚನ್ನುವಿನ ಮುಖ ಬಂದು ಕೂರುತ್ತದೆ. ಗಲ್ಲದ ಮೇಲಿನ ಮಚ್ಚೆ ಎಡಕ್ಕಿತ್ತೋ ಬಲಕ್ಕೋ? ಹೆತ್ತವಳಿಗೇ ಗೊತ್ತಿಲ್ಲ ಎಂದರೆ ಇನ್ನು ಯಾರನ್ನು ಕೇಳಲಿ.

ಶನಿವಾರ, 12 ಜುಲೈ

ವೀರೇಂದ್ರನನ್ನು ಕೇಳಿಯೇಬಿಟ್ಟೆ. ಊಟಕ್ಕೆ ಕುಳಿತಾಗ.

"ತಿಜೋರಿ ಕೊಡೋದ ಆದ್ರ ತೆಗಿಸಿ ಕೊಡ್ರಿ. ಒಳಗಿಂದು ನನಗ ಬೇಕು."

"ನಾಸೀರ್‌ನ ಕೇಳೀನಿ. ಗ್ಯಾಸ್ ಹಚ್ಚಿ ಕೊಯ್ದ್ರ ಒಳಗಿಂದೆಲ್ಲಾ ಸುಟ್ಟು ಬೂದಿ ಅಂತ."

"ಹಂಗಾದ್ರ ಕೊಡಬ್ಯಾಡ್ರಿ. ಇರ್ಲಿ ಮನ್ಯಾಗ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಶಿವೂ, ಅದರಾಗ ಏನೈತಿ ಅಂತ ನನಗ ಗೊತ್ತಿಲ್ಲೇನು? ಗೊತ್ತೈತಿ ಅಂತನ ಕೊಡಾಕತ್ತೀನಿ. ನೀ ದಿನಾ ಅದರ ಮುಂದ ಹೋಗಿ ನಿಂದ್ರತಿ. ಕಸಾ ಹೊಡಿಯೋ ನೆವದಾಗ ಅದಕ್ಕ ಕಿವಿ ಹಚ್ಚತಿ. ನಾ ನೋಡಿಲ್ಲೇನು? ಅದು ಈ ಮನ್ಯಾಗ ಇರೋತನಕ ನೀ ನಿದ್ದಿ ಮಾಡಂಗಿಲ್ಲ."

"ಅದು ಹೋದ್ರ ಮಾಡ್ತೀನಿ ಅಂತ ಯಾರ್ ಹೇಳ್ಯಾರ ನಿಮಗ?"

ಅತ್ತೆ ನಡುವೆ ಬಂದರು. "ಸಾಕವ್ವಾ. ಉಣ್ಣೋ ಮುಂದ ಬ್ಯಾಡ. ತೊಡಿ ಮ್ಯಾಗ ಇರೋ ಕೂಸಿನ ನೋಡು."

ನೋಡುತ್ತಲೇ ಇದ್ದೇನೆ ಅತ್ತೆ. ಬೇರೇನು ಮಾಡುತ್ತಿದ್ದೇನೆ ನಾನು.

ಪಂಚಮಿ ಆದ ಮೇಲೆ ನಾಸೀರ್ ಟೆಂಪೋ ತರುತ್ತಾನೆ. ಮುಚ್ಚಿದ್ದನ್ನು ಮುಚ್ಚಿದಂತೆಯೇ ಒಯ್ಯುತ್ತಾನೆ.

ಮಂಗಳವಾರ, 15 ಜುಲೈ. ಬೆಳಗಿನ 5

ಎಲ್ಲರೂ ಏಳುವ ಮುಂಚೆ ದೇವರ ಕೋಣೆಗೆ ಹೋಗಿ ತಿರುವಿ ನೋಡುತ್ತೇನೆ. ದಾನು ಹುಟ್ಟಿದ ದಿನ. ಅವಳು ಹೋದ ದಿನ. ಮಾವನ ಮದುವೆಯ ವರ್ಷ. ಅಂಗಡಿಯ ನಂಬರು. ಹಿತ್ತಾಳೆ ತಣ್ಣಗಿರುತ್ತದೆ, ತಿರುವುತ್ತ ತಿರುವುತ್ತ ನನ್ನ ಕೈಯಷ್ಟೇ ಬಿಸಿಯಾಗುತ್ತದೆ. ಹಿಡಿಕೆ ಮಾತ್ರ ಜಗ್ಗುವುದಿಲ್ಲ.

ಮಾವ ಯಾಕೆ ಹೇಳದೆ ಹೋದರು? ಸಿಟ್ಟು ಬರುತ್ತದೆ. ಹೋದವರ ಮೇಲೆ ಸಿಟ್ಟು, ಏನು ಮಾಡುವುದು ಅದನ್ನಿಟ್ಟುಕೊಂಡು.

ಹೇಳುವ ಸ್ಥಿತಿಯೂ ಇರಲಿಲ್ಲ, ನಿಜ. ಡಿಸೆಂಬರಿನಲ್ಲಿ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯ ಕೊನೆಯ ಸಂಜೆ ಕೋಣೆ ತುಂಬ ನೆಂಟರು. ಮಾವ ಕಣ್ಣಿನಿಂದಲೇ ನನ್ನನ್ನು ಕರೆದರು. ಅತ್ತೆಯನ್ನಲ್ಲ, ಮಗನನ್ನಲ್ಲ. ಪಕ್ಕದಲ್ಲಿ ಕುಳಿತೆ. ಎಡಗೈಯಿಂದ ನನ್ನ ಕೈಯನ್ನು ಚಾದರದ ಕೆಳಗೆ ಎಳೆದುಕೊಂಡರು. ನಾಲ್ಕು ಬೆರಳು ಒಟ್ಟಿಗೆ ಹಿಡಿದು ಒತ್ತಿದರು. ಅಂಗೈ ಸವರಿದರು. ಬಿಟ್ಟರು. ಮತ್ತೆ ಎರಡು ಬೆರಳು ಹಿಡಿದರು. ಮತ್ತೆ ಇಡೀ ಮುಷ್ಟಿ. ಮೈಮೇಲೆ ಎಚ್ಚರ ಇಲ್ಲ, ತಡವರಿಸುತ್ತಿದ್ದಾರೆ ಅಂದುಕೊಂಡೆ. ಸಂಕಟವಾಯಿತು, ನಾಚಿಕೆಯೂ ಆಯಿತು. ಕೊನೆಗೆ ತೋರುಬೆರಳೊಂದನ್ನೇ ಹಿಡಿದುಕೊಂಡರು. ದಾನು ಹಿಡಿಯುತ್ತಿದ್ದಳಲ್ಲ, ಹಾಗೇ. ನನಗೆ ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಚನ್ನು ಚೀರಿದ. ಆಗ ಮೂರು ತಿಂಗಳ ಕೂಸು. ಕೈ ಬಿಡಿಸಿಕೊಂಡು ಎದ್ದೆ. ಹಾಲು ಕುಡಿಸಿ ಬರುವಷ್ಟರಲ್ಲಿ ಮಾವ ಕಣ್ಣು ಮುಚ್ಚಿದ್ದರು. ಬೆಳಗಾಗುವುದರೊಳಗೆ ಉಸಿರೂ ನಿಂತಿತು.

ಅತ್ತೆ ಎದ್ದರು. ಕೆಮ್ಮು ಕೇಳಿಸಿತು.

ಸೋಮವಾರ, 21 ಜುಲೈ

ಚನ್ನುವಿಗೆ ಜ್ವರ.

ನಿನ್ನೆ ಸಂಜೆಯಿಂದ. ಥರ್ಮಾಮೀಟರ್ ನೂರು ತೋರಿಸಿತು. ಮತ್ತೆ ಇಟ್ಟೆ. ಮತ್ತೆ. ಡಾಕ್ಟರ್ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕುಳಿತಿದ್ದೆ. ಎದೆಗೆ ನಳಿಕೆ ಇಟ್ಟು ಕೇಳಿ, "ಎದಿ ಸಾಫ್ ಐತಮ್ಮಾ, ಹಲ್ಲು ಬರಾಕತ್ತಾವ" ಎಂದರು. "ಇನ್ನೊಂದ್ ಸಲ ಕೇಳ್ರಿ ಸರ್" ಎಂದೆ. ಕೇಳಿದರು. "ನೀವು ಎಷ್ಟ್ ದಿನ ಆತು ಮಲಗಿ?" ಎಂದರು.

ಅವಳ ವಯಸ್ಸಿನ ಹತ್ತಿರ ಬರುತ್ತಿದ್ದಾನೆ. ಅದೇ ಭಯ. ಇನ್ನೊಂದು ತಿಂಗಳು. ಅದನ್ನು ದಾಟಿದರೆ…

ಬರೆಯಬಾರದು.

ಭಾನುವಾರ, 27 ಜುಲೈ. ಮಸ್ಕಿ

ಜ್ವರ ಇಳಿದು ಹಲ್ಲು ಬಂತು. ಅಕ್ಕಿಕಾಳಿನಂಥದ್ದು. ಪಂಚಮಿಗೆ ಅಣ್ಣ ಕರೆಯಲು ಬಂದ. ಹೋಗುವುದಿಲ್ಲ ಎಂದೆ. ತಿಜೋರಿ ಕಾಯಬೇಕು ಎಂದು ಹೇಳಲಾಗುತ್ತದೆಯೇ? "ತವರಿಗೆ ಹೋಗು, ಮನಸ್ಸಿಗೆ ಹಗರ ಆಕ್ಕೈತಿ" ಎಂದರು ವೀರೇಂದ್ರ. ಬಸ್‌ಸ್ಟ್ಯಾಂಡಿಗೆ ತಾವೇ ಬಂದು ಸೀಟು ಹಿಡಿದುಕೊಟ್ಟರು. "ನಾ ಬರೋತನಕ ಕೊಡಂಗಿಲ್ಲ ಅಲ್ಲ?" ಎಂದೆ. "ಅದರ ವಿಚಾರ ಬಿಡು" ಎಂದರು.

ಅವ್ವ ಉಂಡಿ ಕಟ್ಟುತ್ತಿದ್ದಾಳೆ. ಶೇಂಗಾದ್ದು, ಎಳ್ಳಿನದು. ಬೇವಿನ ಮರಕ್ಕೆ ಜೋಕಾಲಿ ಬಿಗಿದಿದ್ದಾರೆ. ಚನ್ನುವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಜೀಕಿದೆ. ನಕ್ಕ. ಆ ನಗು, ಕಾಟಾದ ಮೇಲಿನ ನಗು, ಹಾಗೇ. ಇಳಿದುಬಿಟ್ಟೆ.

ಅವ್ವನ ಪೆಟ್ಟಿಗೆಯಿಂದ ಫೋಟೋ ತೆಗೆದು ನೋಡಿದೆ. ಕಣ್ಣು ಮುಚ್ಚಿದ್ದಾಳೆ. ಎಷ್ಟು ಹೊತ್ತು ನೋಡಿದರೂ ತೆರೆಯುವುದಿಲ್ಲ.

ಬುಧವಾರ, 30 ಜುಲೈ. ಮಸ್ಕಿ

ಹನ್ನೊಂದು ಗಂಟೆಗೆ ಫೋನು. ವೀರೇಂದ್ರ.

"ಶಿವೂ… ಒಯ್ದ್ರು."

"ಏನ್ ಒಯ್ದ್ರು?" ಗೊತ್ತಿದ್ದೂ ಕೇಳಿದೆ.

"ಈಗ ಹೋತು ಟೆಂಪೋ. ಸಿಟ್ಟ ಮಾಡ್ಕೋಬ್ಯಾಡ. ನಿನ್ನ ಸಲುವಾಗಿ—"

ಕಟ್ ಮಾಡಿದೆ. ನಮ್ಮ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಗಾಡಿ ಮಸ್ಕಿ ದಾಟಿಯೇ ಹೋಗಬೇಕು. ಚನ್ನುವನ್ನು ಬಗಲಿಗೆ ಹಾಕಿಕೊಂಡು ಮೇನ್ ರೋಡಿಗೆ ಓಡಿದೆ. ಕಾಲಲ್ಲಿ ಚಪ್ಪಲಿ ಇಲ್ಲ. ಅವ್ವ ಹಿಂದಿನಿಂದ "ಎಲ್ಲಿಗೇ ಹುಚ್ಚೀ" ಎಂದು ಕೂಗುತ್ತಿದ್ದಳು.

ಬಹಳ ಹೊತ್ತು ನಿಂತೆ. ಭತ್ತದ ಲಾರಿಗಳು. ಬಸ್ಸುಗಳು. ಆಮೇಲೆ ಅದು. ಮೇಲೆ ಹಳದಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದರು. ಅದರ ಎತ್ತರದಿಂದ ಗುರುತು ಹಿಡಿದೆ. ಕೈ ಮಾಡಿದೆ. ಡ್ರೈವರ್ ಯಾರೋ, ಸೀಟಿಗೆ ಎಂದುಕೊಂಡನೋ ಏನೋ, ಜಾಗವಿಲ್ಲ ಎಂದು ಕೈ ಆಡಿಸಿ ಹೋದ.

ಅವಳನ್ನು ಒಯ್ದಾಗ ನಾನು ನೋಡಿರಲಿಲ್ಲ. ಈ ಸಲ ನೋಡಿದೆ.

ಶನಿವಾರ, 2 ಆಗಸ್ಟ್. ಸಿಂಧನೂರು

ದೇವರ ಕೋಣೆಯಲ್ಲಿ ನೆಲದ ಮೇಲೆ ಚೌಕ ಗುರುತು. ಅಲ್ಲಿನ ಬಂಡೆ ಮಾತ್ರ ಹೊಸದರಂತೆ ಹೊಳೆಯುತ್ತದೆ. ಗೋಡೆಯ ಬುಡದಲ್ಲಿ ಒಂದು ಪ್ಲಗ್ ಪಾಯಿಂಟ್ ಕಂಡಿತು. ತಿಜೋರಿಯ ಹಿಂದೆ ಮರೆಯಾಗಿತ್ತು. ದೇವರ ಕೋಣೆಯಲ್ಲಿ ಯಾರಿಗೆ ಬೇಕಿತ್ತು ಅದು?

ವೀರೇಂದ್ರನೊಡನೆ ಮಾತಿಲ್ಲ. ಅವರು ಚನ್ನುವಿನ ಮೂಲಕ ಮಾತಾಡುತ್ತಾರೆ. "ಲೇ ಚನ್ನೂ, ನಿಮ್ಮವ್ವಗ ಉಣ್ಣು ಅಂತ ಹೇಳು." ಚನ್ನು ಜೊಲ್ಲು ಸುರಿಸುತ್ತಾನೆ.

ಸೋಮವಾರ, 4 ಆಗಸ್ಟ್. ಸಂಜೆ

ಆದದ್ದನ್ನು ಆದಂತೆ ಬರೆಯುತ್ತೇನೆ.

ಅತ್ತೆ ಪಡಸಾಲೆಯಲ್ಲಿ ಚನ್ನುವನ್ನು ಆಡಿಸುತ್ತಿದ್ದರು. ಮಾವ ಹೆಗಲಿಗೆ ಹಾಕುತ್ತಿದ್ದ ಹಳೆ ವಲ್ಲಿಯನ್ನು ಅವನ ಕೈ ಮೇಲೆ ಮುಚ್ಚಿ, ಒಳಗೆ ತಮ್ಮ ಕೈ ತೂರಿಸಿ, "ಏನ್ ಸಾವಕಾರ್ರ, ಜ್ವಾಳ ಹೆಂಗ ಕೊಡ್ತೀರಿ? ಇಷ್ಟಕ್ಕ? ಛೀ ಛೀ, ಭಾಳ ಆತು! ಇಷ್ಟಕ್ಕ ಕೊಡ್ರಿ" ಎನ್ನುತ್ತಿದ್ದರು. ಚನ್ನು ಕಿಲಕಿಲ.

"ಏನ್ ಆಟ ಅತ್ತಿ ಇದು?"

"ಆಟ ಎಲ್ಲಿ ಬಂತವ್ವಾ, ಗಂಜಿನ ವ್ಯಾಪಾರ. ಮೊದಲ ರೇಟ್ ಬಾಯಿಲೆ ಒದರ್ತಿದ್ದಿಲ್ಲ. ನಾಕು ಮಂದಿ ಕೇಳ್ತಾರಂತ ವಲ್ಲಿ ಕೆಳಗ ಬೆರಳು ಹಿಡದು ಹೇಳ್ತಿದ್ರು. ಈಗೆಲ್ಲಾ ಕಂಪ್ಯೂಟರ್. ವೀರೇಂದ್ರಗೇನ್ ಗೊತ್ತು ಇದು." ಅತ್ತೆ ನಕ್ಕರು. ಮಾವ ಹೋದ ಮೇಲೆ ಆ ನಗು ನೋಡಿರಲಿಲ್ಲ. "ನಿಮ್ಮ ಮಾವ ಮನ್ಯಾಗೂ ಬಿಡ್ತಿದ್ದಿಲ್ಲ. ಬೀಗರು ಕುಂತಿದ್ರ ನನ್ನ ಸೆರಗಿನ ಕೆಳಗ ಕೈ ಹಾಕಿ ಎರಡು ಬೆರಳು ಹಿಡೀತಿದ್ರು. ಅಂದ್ರ ಎರಡ ರೊಟ್ಟಿ ಹಾಕು, ಮೂರನೇದು ಕೇಳಬ್ಯಾಡ ಅಂತ."

"ಅಂಗೈ ಸವರಿದ್ರ ಏನ್ರಿ ಅತ್ತಿ?"

"ಸೊನ್ನಿ."

"ಮುಷ್ಟಿ?"

"ಐದು. ಯಾಕ?"

ಬಾಯಿಂದ ಸುಮ್ಮನೆ ಬಂತು: "ನಾಲ್ಕು. ಸೊನ್ನೆ. ಎರಡು. ಐದು."

ಅತ್ತೆಗೆ ಆಸ್ಪತ್ರೆಯ ಸಂಜೆಯನ್ನು ಹೇಳಿದೆ. ಮಾವ ಚಾದರದ ಕೆಳಗೆ ಕೈ ಎಳೆದುಕೊಂಡದ್ದು. ಹಿಡಿದದ್ದು. ಬಿಟ್ಟದ್ದು. ನಾನು ತಡವರಿಕೆ ಎಂದುಕೊಂಡದ್ದು. ಕೊನೆಗೆ ಒಂದು ಬೆರಳು, ಆಗ ಚನ್ನು ಅತ್ತದ್ದು, ನಾನು ಎದ್ದದ್ದು.

ಅತ್ತೆ ವಲ್ಲಿಯನ್ನು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

"ನಾ ಅಲ್ಲೇ ಕಾಲ ಕಡೆ ಕುಂತಿದ್ನಲ್ಲ" ಎಂದರು. "ನನಗ ಬರ್ತಿತ್ತು ಆ ಭಾಷಿ. ನಿನಗ ಬರ್ತಿದ್ದಿಲ್ಲ. ಆದ್ರೂ ನಿನ್ನ ಕೈ ಹಿಡಿದ್ರು. ನನ್ನ ಕೈ ಹಿಡೀಲಿಲ್ಲ."

ನಾನು ಅವರ ಪಕ್ಕ ಕುಳಿತೆ.

"ನನ್ನ ಕೈಗೆ ಹೇಳಿದ್ರ ನಾ ನಿನಗ ಹೇಳ್ತಿದ್ದಿಲ್ಲ. ಅದು ಅವರಿಗೆ ಗೊತ್ತಿತ್ತು." ಸೆರಗಿನಿಂದ ಮುಖ ಮುಚ್ಚಿಕೊಂಡರು. ಚನ್ನು ಅದೂ ಆಟವೆಂದು ಸೆರಗು ಎಳೆದ.

ಮಂಗಳವಾರ, 5 ಆಗಸ್ಟ್

ಬೆಳಗಿನ ಬಸ್ಸಿಗೆ ಹೋದೆವು. ನಾನು, ಅತ್ತೆ, ಚನ್ನು. ವೀರೇಂದ್ರನಿಗೆ ಅತ್ತೆಯೇ ಹೇಳಿದರು: "ನಾನೂ ಇಕಿನೂ ಲಿಂಗಸೂರಿಗೆ ಹೊಂಟೀವಿ. ಅಂಗಡಿ ಕೀಲಿ ತಗೊಂಡು ನೀ ಗಂಜಿಗೆ ಹೋಗು." ಅವರು ನಮ್ಮಿಬ್ಬರ ಮುಖ ನೋಡಿದರು. ಯಾಕೆಂದು ಕೇಳಲಿಲ್ಲ.

ದಾರಿಯುದ್ದಕ್ಕೂ ಅತ್ತೆ ನನ್ನ ಕೈಯನ್ನು ತಮ್ಮ ಸೆರಗಿನ ಕೆಳಗೆ ಇಟ್ಟುಕೊಂಡಿದ್ದರು. ಹಿಡಿದು ತೋರಿಸುತ್ತಿದ್ದರು. "ಹಿಂಗನಾ?" "ಹೂಂರಿ." "ಆಮ್ಯಾಲ ಹಿಂಗ?" "ಹೂಂ." ಕಣ್ಣು ಮುಚ್ಚಿದೆ. ಬೆರಳುಗಳಿಗೆ ಎಲ್ಲ ನೆನಪಿತ್ತು. ನಾಲ್ಕು, ಅಂಗೈ. ಎರಡು, ಮುಷ್ಟಿ. ಆಮೇಲೆ ತೋರುಬೆರಳು. ಅದನ್ನು ಅತ್ತೆ ಬಿಡಲೇ ಇಲ್ಲ. ಮಸ್ಕಿ ದಾಟಿತು. ಮುದಗಲ್ ಕ್ರಾಸಿನವರೆಗೂ ಹಿಡಿದೇ ಇದ್ದರು.

ನಾಸೀರ್‌ನ ಗೋಡೌನಿನಲ್ಲಿ ಬಾಗಿಲುಗಳು, ಮಂಚದ ಕಾಲುಗಳು, ಒಂದು ಕುದುರೆಗಾಡಿಯ ಚಕ್ರ. ನಡುವೆ ನಮ್ಮದು. ಹೈದರಾಬಾದಿನ ಹೋಟೆಲಿನವರು ಶುಕ್ರವಾರ ಒಯ್ಯುತ್ತಾರಂತೆ.

"ಅಕ್ಕಾರ, ಮಾಲು ವಾಪಸ್ ಕೇಳಾಕ ಬಂದ್ರೇನು? ಅಣ್ಣಾ ಹೇಳಿದ್ರು ನೀವು ಬರ್ತೀರಿ ಅಂತ."

"ವಾಪಸ್ ಬ್ಯಾಡ. ಒಂದ್ ಸಲ ತಿರುವಿ ನೋಡ್ತೀವಿ" ಎಂದರು ಅತ್ತೆ.

"ತಿರುವ್ರಿ, ತಿರುವ್ರಿ. ಕೀಲಿ ತೆಗೆದ್ರ ರೇಟ್ ಹೆಚ್ಚಾಕ್ಕೈತಿ, ನನಗೇನ್ ಲುಕ್ಸಾನ? ಎಲ್ಲಾ ನಂಬರ್ ನಾನೂ ತಿರುವೀನಿ, ನಮ್ಮತ್ತಿ ಹುಟ್ಟಿದ ದಿನ ಸೈತ." ನಕ್ಕವನು ನಮ್ಮ ಮುಖ ನೋಡಿ, ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಹೊರಗೆ ಹೋದ.

ಬಲಕ್ಕೆ ನಲವತ್ತು. ಎಡಕ್ಕೆ ಇಪ್ಪತ್ತೈದು. ಮತ್ತೆ ಬಲಕ್ಕೆ… ಒಂದು ಬೆರಳು. ಆಮೇಲೆ ಏನಿತ್ತೋ ಮಾವನಿಗೊಬ್ಬರಿಗೇ ಗೊತ್ತು. ಹತ್ತು. ಇಲ್ಲ. ಮೊದಲಿನಿಂದ. ಹನ್ನೊಂದು. ಇಲ್ಲ. ಒಂದೊಂದು ಸಲವೂ ಮೊದಲಿನಿಂದ. ಬೆವರಿಗೆ ಕೈ ಜಾರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೊರಳ ಲಿಂಗವನ್ನು ಹಿಡಿದುಕೊಂಡಿದ್ದರು. ಚನ್ನು ಅವರ ತೊಡೆಯ ಮೇಲೆ ಬಿಸ್ಕೀಟು ಚೀಪುತ್ತಿದ್ದ.

ಹದಿನಾರಕ್ಕೆ ಒಳಗೆಲ್ಲೋ ಸಣ್ಣ ಸದ್ದು. ನಾಲಿಗೆ ಲೊಟಕೆ ಹೊಡೆದಂತೆ. ತಿಜೋರಿಯ ಜೊತೆಗೇ ಬಂದಿದ್ದ ಕೀಲಿಕೈ ತಿರುಗಿತು. ಹಿಡಿಕೆ ಬಂತು.

ಕರ್ಪೂರದ ವಾಸನೆ ಮೊದಲು.

ಮೇಲಿನ ಅರೆಯಲ್ಲಿ ಮಾವನ ಇನ್ನೊಂದು ವಲ್ಲಿ. ಮಡಿಸಿ ಹಾಸಿದ್ದರು. ಅದರ ಮೇಲೆ ಅವಳ ಹಸಿರು ಕುಲಾಯಿ. ಕುಲಾಯಿಯೊಳಗೆ ಬೆಳ್ಳಿ ಕಡಗ. ಪಕ್ಕದಲ್ಲಿ ನನ್ನ ಫೋನು.

ಫೋನಿಗೆ ಚಾರ್ಜರ್ ಸಿಕ್ಕಿಸಿತ್ತು.

ನಾನು ಕೊಟ್ಟದ್ದಲ್ಲ. ನನ್ನ ಚಾರ್ಜರ್ ಬಿಳಿಯದು, ಅದು ಮನೆಯಲ್ಲೇ ಉಳಿದಿತ್ತು. ಇದು ಕಪ್ಪು, ಬಸ್‌ಸ್ಟ್ಯಾಂಡಿನ ಅಂಗಡಿಯದು. ವಯರು ತುದಿಯಲ್ಲಿ ಸವೆದು, ಟೇಪು ಸುತ್ತಿತ್ತು.

ಅತ್ತೆ ಅದನ್ನೇ ನೋಡುತ್ತಿದ್ದರು. "ದಿನಾ ಪೂಜಿಗೆ ಕದ ಹಾಕ್ಕೋತಿದ್ರು" ಎಂದರು. "ನಾ ಪೂಜಿ ಅನಕೊಂಡಿದ್ದೆ."

ಕುಲಾಯಿ ಮೂಸಿದೆ. ಕರ್ಪೂರ ಮಾತ್ರ. ಅವಳ ವಾಸನೆ ಇಲ್ಲ. ಮತ್ತೆ ಮೂಸಿದೆ. ಇಲ್ಲ.

ಬುಧವಾರ, 6 ಆಗಸ್ಟ್. ಮಧ್ಯಾಹ್ನ

ಬಸ್ಸಿನಲ್ಲಿ ಆನ್ ಮಾಡಲಿಲ್ಲ. ಮನೆಗೆ ಬಂದೂ ಧೈರ್ಯ ಸಾಲದೆ ಚಾರ್ಜಿಗೆ ಇಟ್ಟೆ, ಅದೇ ದೇವರ ಕೋಣೆಯ ಪ್ಲಗ್ಗಿಗೆ. ಇವತ್ತು ಚನ್ನುವಿಗೆ ಉಣ್ಣಿಸಿದ ಮೇಲೆ ಅತ್ತೆಯೂ ನಾನೂ ಆ ಚೌಕ ಗುರುತಿನ ಮೇಲೆ ಕುಳಿತೆವು. ಆನ್ ಆಯಿತು. ಲಾಕ್ ಇಲ್ಲ. ದಾನುವಿಗೆ ಹಾಡು ಹಚ್ಚಿಕೊಡಲು ಅತ್ತೆಗೆ ಬೇಕಾಗುತ್ತದೆಂದು ನಾನೇ ತೆಗೆದಿದ್ದೆ.

ಮಚ್ಚೆ ಎಡಗಲ್ಲಕ್ಕಿದೆ. ಎಡಕ್ಕೆ.

ಚನ್ನುವಿನಂತಿಲ್ಲ ಅವಳು. ಒಂದಿಷ್ಟೂ ಇಲ್ಲ. ಇಷ್ಟು ದಿನ ಅವನ ಮುಖವನ್ನು ಅವಳಿಗೆ ಹಚ್ಚಿಕೊಂಡಿದ್ದೆ. ಅವಳದು ಮಾವನ ಹಣೆ, ಅಗಲ ಹಣೆ.

ಕಾಟಾದ ವಿಡಿಯೋ ಇದೆ. ತಕ್ಕಡಿ ಏರುತ್ತದೆ, ನಗುತ್ತಾಳೆ. ಇಳಿಯುತ್ತದೆ, ನಗುತ್ತಾಳೆ. ಮಾವನ ದನಿ: "ಏನ್ ತೂಕಲೇ ನಿಂದು, ಗಂಜಿನ್ಯಾಗ ಇಂಥಾ ಮಾಲ ಬಂದಿಲ್ಲ!" ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. "ಹಚ್ಚವ್ವಾ, ಮತ್ತ ಹಚ್ಚು" ಎನ್ನುತ್ತಿದ್ದರು. "ದಾನವ್ವಾ" ಎಂದರು. ಎರಡೂವರೆ ವರ್ಷದ ಮೇಲೆ ಆ ಹೆಸರು ಈ ಮನೆಯಲ್ಲಿ ಸದ್ದಾಯಿತು.

ಕೊನೆಯಲ್ಲಿ ಒಂದು ವಿಡಿಯೋ ಇತ್ತು. ನನ್ನದಲ್ಲ. ಹೋದ ನವೆಂಬರಿನದು.

ಒತ್ತಿದೆ. ಮಾವ. ಗದ್ದ, ಮೂಗಿನ ಹೊಳ್ಳೆ, ಹಣೆಯ ವಿಭೂತಿ ಅರ್ಧ. ಹಿಂದೆ ದೇವರ ಕೋಣೆಯ ಜಂತಿ. ಎಲ್ಲೋ ಒತ್ತಲು ಹೋಗಿ ಕ್ಯಾಮೆರಾ ಒತ್ತಿಬಿಟ್ಟಿದ್ದಾರೆ, ಅವರಿಗೆ ಗೊತ್ತಾಗಿಲ್ಲ. ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರ ತರುತ್ತಾರೆ. ದೂರ ಹಿಡಿಯುತ್ತಾರೆ. ಪಿಸುದನಿ:

"ಏ ಇದರ… ಇದರಾಗ ನಾನ ಬರಾಕತ್ತೀನಿ. ಕೂಸು ಎಲ್ಲಿ ಹೋತು?"

ಬೆರಳು ಬಂದು ಪರದೆಯನ್ನು ತಟ್ಟುತ್ತದೆ. ಮತ್ತೆ ಅವರದೇ ಮುಖ.

"ಎಲ್ಲಿ ಹೋದ್ಯವ್ವಾ ದಾನೂ… ಬಾ… ಅಜ್ಜ ಕುಂತೀನಿ ನೋಡು ಇಲ್ಲೇ… ಬಾರವ್ವಾ…"

ಬಹಳ ಹೊತ್ತು ಹಾಗೇ ನೋಡುತ್ತಾರೆ, ನನ್ನನ್ನೇ ನೋಡಿದಂತೆ. ಆಮೇಲೆ ಕತ್ತಲು. ವಲ್ಲಿಯ ಮೇಲೆ ಬೋರಲು ಇಟ್ಟಿದ್ದಾರೆ. ಬಟ್ಟೆಯ ಸದ್ದು, ತಿರುಗುಣಿಯ ಸದ್ದು.

ತಲೆ ಎತ್ತಿದರೆ ಬಾಗಿಲಲ್ಲಿ ವೀರೇಂದ್ರ. ಗಂಜಿನಿಂದ ಯಾವಾಗ ಬಂದರೋ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಕೇಳಿದರು, "ನಾನೂ ನೋಡ್ಲೇನು?"

ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ತಿಳಿಯದು. ಆದರೂ ಸರಿದು ಜಾಗ ಮಾಡಿ, ಕಾಟಾದ ವಿಡಿಯೋ ಮತ್ತೆ ಹಚ್ಚಿದೆ. ಅವರು ನೋಡಲಿಲ್ಲ, ಕೇಳಿಸಿಕೊಂಡರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮಗಳ ನಗು ಮುಗಿಯುವ ತನಕ.

ಗುರುವಾರ, 21 ಆಗಸ್ಟ್. ಮಧ್ಯಾಹ್ನ

ಬಹಳ ದಿನ ಬರೆಯಲಿಲ್ಲ. ನಿದ್ದೆ ಬಂದಿತ್ತು ಎಂದಲ್ಲ. ನಡುನಡುವೆ ಬರುತ್ತದೆ, ತುಂಡು ತುಂಡಾಗಿ.

ತಿಜೋರಿ ಹೈದರಾಬಾದಿಗೆ ಹೋಯಿತು. ಹೋಗಲಿ. ಫೋಟೋಗಳನ್ನು ನಾಲ್ಕು ಕಡೆ ಇಟ್ಟಿದ್ದೇನೆ. ಮಸ್ಕಿಗೂ ಕಳಿಸಿದೆ, ಕಣ್ಣು ತೆರೆದದ್ದನ್ನು.

ಇವತ್ತು ಹೇಗೋ ಕಳೆಯಬೇಕು. ಇವತ್ತಿನಿಂದ ಚನ್ನು ತನ್ನ ಅಕ್ಕನಿಗಿಂತ ದೊಡ್ಡವ.

ಬೆಳಗ್ಗೆಯಿಂದ ನಾಲ್ಕು ಸಲ ಥರ್ಮಾಮೀಟರ್ ಇಟ್ಟೆ. ಅವನಿಗೆ ಏನೂ ಇಲ್ಲ, ಆರಾಮಾಗಿದ್ದಾನೆ. ಅವಳು ಕಾಣದ ದಿನವನ್ನು ಇವನು ಕಾಣುತ್ತಿದ್ದಾನೆ, ಬಾಗಿಲು ಹಿಡಿದು ನಿಲ್ಲುತ್ತಾನೆ, ಬೀಳುತ್ತಾನೆ, ಏಳುತ್ತಾನೆ. ಇನ್ನು ಮುಂದೆ ನೆನೆಯಲು ಅವಳ ಕಡೆಯಿಂದ ಏನೂ ಇಲ್ಲ. ಇವನು ಮಾಡುವುದೆಲ್ಲ ಹೊಸದು.

ಈಗಷ್ಟೇ ಕಾಟಾದ ವಿಡಿಯೋ ಹಚ್ಚಿ ಚಾಪೆಯ ಮೇಲಿಟ್ಟೆ, ಅವನ ಎದುರಿಗೆ. ಅವಳು ನಕ್ಕಳು. ಇವನೂ ನಕ್ಕ. ಪರದೆ ಮುಟ್ಟಿ ನೋಡಿದ. ಆಮೇಲೆ ಫೋನನ್ನು ಎತ್ತಿ ತಿರುಗಿಸಿ, ಹಿಂದೆ ಯಾರಿದ್ದಾರೆಂದು ಹುಡುಕಿದ. ಚಾಪೆ ಎತ್ತಿ ನೋಡಿದ. ನನ್ನ ಸೆರಗಿನ ಕೆಳಗೆ ಕೈ ಹಾಕಿದ, ನನ್ನ ಬೆರಳು ಸಿಕ್ಕಿತು, ಒಂದೇ, ತೋರುಬೆರಳು, ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಾನೆ, ಎಲ್ಲಿ ಎಂದು ಕೇಳುವಂತೆ. ಎಡಗೈಯಲ್ಲೇ ಬರೆಯುತ್ತಿದ್ದೇನೆ, ಬಿಡಿಸಿಕೊಳ್ಳುವುದಿಲ್ಲ ಈ ಸಲ, ಅವನು ಬಿಡುವ ತನಕ